8,500 ರೂಪಾಯಿಗೆ ಹಳೇ ಥಿಂಕ್‌ಪ್ಯಾಡ್: ತಗೊಳ್ಳಬಹುದಾ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನುಡಿಯಲ್ಲಿ ಟೈಪ್ ಮಾಡಲು, ಪತ್ರಿಕೆ ಓದಲು, ಕರೆಂಟ್ ಬಿಲ್ ಕಟ್ಟಲು, ಮೊಮ್ಮಗಳ ಜೊತೆ ವಿಡಿಯೊ ಕಾಲ್ ಮಾಡಲು ಲ್ಯಾಪ್‌ಟಾಪ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಲೆನೊವೊ ಥಿಂಕ್‌ಪ್ಯಾಡ್ ಟಿ430 ತೋರಿಸಿದರು. ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಲೆ 8,500 ರೂ. ಮಗ ‘ಅದು ಗುಜರಿ’ ಅಂತಾನೆ. ತಗೊಳ್ಳಲಾ?
– ಓದುಗರು, ತಿಪಟೂರು

ಉತ್ತರ: ತಗೊಳ್ಳಿ ಮೇಷ್ಟ್ರೇ, ಆದರೆ ಈಗಿರುವ ಸ್ಥಿತಿಯಲ್ಲಿ ಬೇಡ.

ಟಿ430 2012ರ ಮಾಡೆಲ್. ಐ5 ಅಂದ ಕೂಡಲೇ ಖುಷಿಪಡಬೇಡಿ, ಅದರ ಮುಂದಿನ ಅಂಕಿ ನೋಡಿ. ಇದರಲ್ಲಿ ಸಾಮಾನ್ಯವಾಗಿ ಇರುವುದು 3320. ಮೊದಲ 3 ಅಂದರೆ ಮೂರನೇ ತಲೆಮಾರು. ನಿಮ್ಮ ಕೆಲಸಕ್ಕೆ ಅಷ್ಟು ಸಾಕು. ನಿಧಾನ ಮಾಡುವುದು ಆ ಹಾರ್ಡ್ ಡಿಸ್ಕ್. ಅದನ್ನು ತೆಗೆಸಿ 240 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಈ ಮಾಡೆಲಿನಲ್ಲಿ ಅದು ಒಂದು ಸ್ಕ್ರೂ ಬಿಚ್ಚುವ ಕೆಲಸ. ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, 8 ಜಿಬಿ ಮಾಡಿಸಿ. ಎರಡನ್ನೂ ಅಂಗಡಿಯವರೇ ಹಾಕಿಕೊಡಲಿ. ಎಲ್ಲ ಸೇರಿ ಎಷ್ಟು ಅಂತ ಚೌಕಾಸಿ ಮಾಡಿ.

ಇನ್ನು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್ ಕೊಡುವುದನ್ನು, ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ‘ವಿಂಡೋಸ್ 11 ಹಾಕಿಕೊಡ್ತೀವಿ ಸಾರ್’ ಅಂತ ಅಂಗಡಿಯಲ್ಲಿ ಹೇಳಬಹುದು. ಅಧಿಕೃತವಾಗಿ ಅದಕ್ಕೆ ಎಂಟನೇ ತಲೆಮಾರಿನ ಇಂಟೆಲ್ ಬೇಕು. ಅಡ್ಡದಾರಿಯಲ್ಲಿ ಹಾಕಿದ್ದು ಓಡುತ್ತೆ, ಮುಂದೆ ಅಪ್‌ಡೇಟ್ ಬರುತ್ತೆ ಅಂತ ಭರವಸೆ ಇಲ್ಲ. ಬಿಲ್ ಕಟ್ಟುವ ಯಂತ್ರ ಅಲ್ವಾ? ನಾನಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಕಾರ್ಯಾಚರಣ ವ್ಯವಸ್ಥೆ ಹಾಕಿಸುತ್ತೇನೆ. ಅದು ಉಚಿತ.

ಆದರೆ ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ: ನುಡಿ. ಅದು ವಿಂಡೋಸ್‌ನ ತಂತ್ರಾಂಶ. ಟೈಪಿಂಗ್‌ಗೆ ಚಿಂತೆಯಿಲ್ಲ, ಮಿಂಟ್‌ನಲ್ಲೂ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಇದೆ, ನಿಮ್ಮ ಬೆರಳಿಗೆ ರೂಢಿಯಾದ ವಿನ್ಯಾಸವೇ. ಅದು ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ನಲ್ಲಿ ಮೂಡುತ್ತೆ. ನುಡಿ ಫಾಂಟಿನ ಹಳೇ ಫೈಲುಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದಂತೆ ಕಾಣುತ್ತವೆ. ಅಂಥವು ಜಾಸ್ತಿ ಇದ್ದರೆ, ಯಾರದ್ದಾದರೂ ವಿಂಡೋಸ್ ಕಂಪ್ಯೂಟರಿನಲ್ಲಿ ನುಡಿಯ ಪರಿವರ್ತಕದಿಂದ ಮೊದಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ. ಒತ್ತಕ್ಷರ ಅಲ್ಲಲ್ಲಿ ತಪ್ಪಬಹುದು, ಒಮ್ಮೆ ಕಣ್ಣಾಡಿಸಿ. ಇಷ್ಟು ರಗಳೆ ಬೇಡ, ವಿಂಡೋಸೇ ಬೇಕು ಅಂದರೆ ಟಿ430 ಬಿಡಿ. ಎಂಟನೇ ತಲೆಮಾರಿನ ಪ್ರೊಸೆಸರ್ ಇರುವ, 2018ರ ಥಿಂಕ್‌ಪ್ಯಾಡ್ ಟಿ480 ಕೇಳಿ. ದುಡ್ಡು ಜಾಸ್ತಿ, ಆದರೆ ವಿಂಡೋಸ್ 11 ನ್ಯಾಯವಾಗಿ ಓಡುತ್ತೆ.

ಬ್ಯಾಟರಿ ವಿಷಯದಲ್ಲಿ ಈ ಮಾಡೆಲ್ ತಕರಾರಿನದು. ಬೇರೆ ಕಂಪನಿಯ ಅಗ್ಗದ ಬ್ಯಾಟರಿ ಹಾಕಿದರೆ ಚಾರ್ಜ್ ಮಾಡಲ್ಲ ಅಂತ ಪರದೆ ಮೇಲೆ ಸಂದೇಶ ಕೊಟ್ಟು ಕೂತುಬಿಡುವುದುಂಟು. ಅದಕ್ಕೇ ಇರುವ ಬ್ಯಾಟರಿಯ ರಿಪೋರ್ಟ್ ತೆಗೆಸಿ. ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಸಂಖ್ಯೆ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಮ್ಮಿ ಇದ್ದರೆ ಬೆಲೆ ಇಳಿಸಲು ಹೇಳಿ.

ಅಂಗಡಿಯಲ್ಲೇ ಕೂತು ಪ್ರತಿ ಕೀ ಒತ್ತಿ, ಕ್ಯಾಮೆರಾ, ವೈಫೈ ನೋಡಿ. ಕೊನೆಗೆ ಆಫ್ ಮಾಡಿಸಿ, ಮತ್ತೆ ಆನ್ ಆಗುವಾಗ ಎಫ್1 ಒತ್ತಿಸಿ, ಯಂತ್ರದ ಒಳ ಸೆಟ್ಟಿಂಗ್ ಪರದೆ ತೆರೆಯಬೇಕು. ಪಾಸ್‌ವರ್ಡ್ ಕೇಳಿತಾ? ಹಿಂದೆ ಇದನ್ನು ಬಳಸಿದ ಕಂಪನಿ ಹಾಕಿದ ಬೀಗ ಹಾಗೇ ಉಳಿದಿದೆ ಅಂತರ್ಥ. ‘ಆಮೇಲೆ ತೆಗೆಸಿಕೊಡ್ತೀವಿ’ ಅಂದರೆ ದುಡ್ಡೂ ಆಮೇಲೆ ಕೊಡ್ತೀನಿ ಅನ್ನಿ.