ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಅವ್ವನನ್ನು ವ್ಯಾಯಾಮದ ಗುಂಪಿಗೆ ಸೇರಿಸಬಹುದೇ?

ನೀವು ಕೇಳಿದ್ದು ಇಷ್ಟು: ಅವ್ವನಿಗೆ 56 ವರ್ಷ. ಬಲಗಡೆಯ ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಮುಗಿದು ನಾಲ್ಕು ತಿಂಗಳು. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತವೆ. ಕಲಬುರಗಿಯ ನಿಮ್ಮ ಮನೆ ಹತ್ತಿರ ಬೆಳಗಿನ ವ್ಯಾಯಾಮದ ಗುಂಪೊಂದಿದೆ. ಮನೆಯ ಹಿರಿಯರು ಮಾತ್ರ ‘ಆ ಕೈಯಿಂದ ಏನೂ ಎತ್ತಬಾರದು, ಸುಮ್ನೆ ಮಲಗಲಿ’ ಅನ್ನುತ್ತಾರೆ.

ಸೇರಿಸಿ. ಮಲಗಿದಷ್ಟೂ ಚಿಕಿತ್ಸೆಯ ನಂತರದ ಈ ದಣಿವು ಹೆಚ್ಚುತ್ತದೆ. ಕಿಮೋ ಹೊತ್ತಿನಲ್ಲಿ ಓಡಾಟ ನಿಂತು, ಊಟ ಸೇರದೆ ಸ್ನಾಯು ಕರಗಿರುತ್ತದೆ. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ಕೂಡ ಮೊದಲು ತೊಡೆಯ ಸ್ನಾಯುವನ್ನೇ ಸವೆಸುತ್ತದೆ. ಮೆಟ್ಟಿಲ ಮೇಲೆ ಕಾಲು ನಡುಗಲು ಬಹುಮಟ್ಟಿಗೆ ಇದೇ ಕಾರಣ. ರಕ್ತ ಕಡಿಮೆಯಾಗಿದ್ದರೂ ಹಾಗಾಗುತ್ತದೆ, ಅದಕ್ಕೇ ಮೊದಲು ತಪಾಸಣೆ.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕಲಬುರಗಿ ಕೇಂದ್ರಕ್ಕೋ ಬೇರೆ ಆಸ್ಪತ್ರೆಗೋ ಫಾಲೋಅಪ್‌ಗೆ ಹೋದಾಗ ಡಾಕ್ಟರನ್ನು ಮೂರು ಮಾತು ಕೇಳಿ. ಹಿಮೋಗ್ಲೋಬಿನ್ ಎಷ್ಟಿದೆ? 8ಕ್ಕಿಂತ ಕೆಳಗಿದ್ದರೆ ಗುಂಪು ಸದ್ಯಕ್ಕೆ ಬೇಡ. ಕೆಂಪು ಬಣ್ಣದ ಅಡ್ರಿಯಾಮೈಸಿನ್ ಅಥವಾ ಟ್ರಾಸ್ಟುಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧ ಕೊಟ್ಟಿದ್ದಾರಾ? ಇವು ಹೃದಯದ ಬಲ ಕುಗ್ಗಿಸಬಲ್ಲವು, ಹಾಗಾಗಿ ಎಕೋ (ಹೃದಯದ ಸ್ಕ್ಯಾನ್) ವರದಿ ನೋಡಿಸಿ. ಮೂಳೆಗೆ ಹರಡಿದೆಯಾ, ಮೂಳೆ ಸವೆದಿದೆಯಾ? ಹೌದಾದರೆ ನಡು ಬಾಗಿಸಿ ತಿರುಚುವ ಆಸನ, ಜಿಗಿತ ಎರಡೂ ಬೇಡ.

ಇನ್ನು ಕೈ ವಿಷಯ. ಕಂಕುಳಿನ ಗ್ರಂಥಿ ತೆಗೆದ ಕಡೆ ಕೈ ಬಾವು ಬರಬಹುದೆಂಬ ಭಯ ಸುಳ್ಳಲ್ಲ. ಆದರೆ 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಈಗಾಗಲೇ ಕೈ ಬಾತಿದ್ದ 141 ಹೆಂಗಸರಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷ, ವಾರಕ್ಕೆ ಎರಡು ಸಲ, ನಿಧಾನಕ್ಕೆ ಹೆಚ್ಚಿಸುತ್ತ ಭಾರ ಎತ್ತಿದರು. ಬಾವು ಹೆಚ್ಚಲಿಲ್ಲ, ದಿಢೀರನೆ ಉಲ್ಬಣಿಸುವುದೂ ಕಡಿಮೆಯಾಯಿತು, ಬಲ ಬಂತು. ಬಳಸದೆ ಬಿಟ್ಟ ಕೈ ಸೊರಗುತ್ತದೆ. ಸೊರಗಿದ ಕೈಗೆ ಒಂದು ದಿನ 15 ಲೀಟರಿನ ಕೊಡ ಎತ್ತಬೇಕಾಗಿ ಬಂದಾಗಲೇ ತೊಂದರೆ.

ಭಾರಕ್ಕೆ ಡಂಬೆಲ್ ಕೊಳ್ಳಬೇಕಿಲ್ಲ. ಅರ್ಧ ಲೀಟರ್ ನೀರಿನ ಬಾಟಲಿ ಅಂದರೆ ಅರ್ಧ ಕೆಜಿ. ಮೊದಲು ಬರಿಗೈಯಲ್ಲಿ ಗೋಡೆಗೆ ಬೆರಳಿಟ್ಟು ಮೇಲೆ ಏರಿಸುವುದು, 10 ಸಲ. ಕೈ ಸಲೀಸಾಗಿ ಕಿವಿಯ ಮಟ್ಟಕ್ಕೆ ಬಂದ ಮೇಲೆ ಬಾಟಲಿ. 10 ಸಲ ಎತ್ತಿ ಇಳಿಸಿ, ಒಂದು ನಿಮಿಷ ಬಿಟ್ಟು ಮತ್ತೆ 10. ಎರಡು ತರಗತಿ ಹೀಗೆ ಮಾಡಿಯೂ ಕೈ ಭಾರ ಅನ್ನಿಸದಿದ್ದರೆ ಮಾತ್ರ 100 ಮಿಲಿ ನೀರು ಹೆಚ್ಚಿಸಿ. ಜ್ವರ, ಮದುವೆ, ಊರು ಅಂತ ವಾರಗಟ್ಟಲೆ ತಪ್ಪಿದರೆ ಬಿಟ್ಟಲ್ಲಿಂದ ಹಿಡಿಯಬೇಡಿ, ಒಂದೆರಡು ಹಂತ ಕೆಳಗಿಂದ ಶುರು ಮಾಡಿ. ಕೈ ಬಾವು ತಡೆಯಲೆಂದು ಬಿಗಿ ತೋಳುಚೀಲ (ಕಂಪ್ರೆಷನ್ ಸ್ಲೀವ್) ಬರೆದುಕೊಟ್ಟಿದ್ದರೆ ವ್ಯಾಯಾಮದ ಹೊತ್ತಿಗೆ ಹಾಕಿಕೊಂಡಿರಲಿ.

ಟೈಲರ್ ಟೇಪ್ ಒಂದು ತಂದಿಡಿ. ತಿಂಗಳಿಗೊಮ್ಮೆ ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ ಎರಡೂ ಕೈ ಅಳೆದು ಬರೆದಿಡಿ. ವ್ಯತ್ಯಾಸ 2 ಸೆಂ.ಮೀ. ದಾಟಿದರೆ, ಬಳೆ ಬಿಗಿಯಾದರೆ ತೋರಿಸಬೇಕು. ಕೈ ಕೆಂಪೇರಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕು, ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಒಲೆ ಮುಂದಿನ ಸುಟ್ಟಗಾಯವೂ ಇದಕ್ಕೆ ದಾರಿ ಮಾಡಬಹುದು. ರೊಟ್ಟಿ ಬಡಿಯುವುದೂ ಕೈಗೆ ವ್ಯಾಯಾಮವೇ: ಮೊದಲು ಎರಡು ರೊಟ್ಟಿ, ನಾಲ್ಕೈದು ದಿನ ಬಿಟ್ಟು ಮೂರು. ಬೇಯಿಸುವ ಕೆಲಸ ಬೇರೆಯವರು ನೋಡಿಕೊಳ್ಳಲಿ.

ಕಾಲಿಗೆ ಕುರ್ಚಿಗಿಂತ ಒಳ್ಳೆಯ ಸಾಧನವಿಲ್ಲ. ಸುಮಾರು 17 ಇಂಚು ಎತ್ತರದ, ಗೋಡೆಗೆ ಆನಿಸಿದ ಗಟ್ಟಿ ಕುರ್ಚಿ. ಪ್ಲಾಸ್ಟಿಕ್ಕಿನದು ಜಾರುತ್ತದೆ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಣಿಸಿ. ಅದು ಅವ್ವನ ಸ್ವಂತ ಲೆಕ್ಕ, ಪಕ್ಕದವರ ಜೊತೆ ಹೋಲಿಸಲು ಅಲ್ಲ. ಆ ಲೆಕ್ಕದ ಮುಕ್ಕಾಲಿನಷ್ಟು ಎರಡು ಸುತ್ತು ಮಾಡಿಸುತ್ತ, ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಏಳುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿ ಎದ್ದರೆ ತಲೆ ಸುತ್ತುತ್ತದೆ.

ನಡಿಗೆ 10 ನಿಮಿಷದಿಂದ ಶುರುವಾಗಲಿ. ಮಾತಾಡಲು ಬರಬೇಕು, ಹಾಡಲು ಬರಬಾರದು, ವೇಗ ಅಷ್ಟಿದ್ದರೆ ಸರಿ. 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ವಾರಕ್ಕೆ ಮೂರು ದಿನ 30 ನಿಮಿಷ ನಡಿಗೆಯಂಥ ವ್ಯಾಯಾಮ, ಎರಡು ದಿನ ಬಲದ ವ್ಯಾಯಾಮ. ಅಲ್ಲಿಗೆ ಮುಟ್ಟಲು ಮೂರು ತಿಂಗಳು ಹಿಡಿದರೂ ಸರಿ. ಕಲಬುರಗಿಯ ಅಪ್ಪನ ಕೆರೆಯ ದಂಡೆಯೋ ಪಬ್ಲಿಕ್ ಗಾರ್ಡನ್ನೋ ಯಾವುದಾದರೂ ಆಗುತ್ತದೆ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಏಳು ಗಂಟೆಯೊಳಗೆ ಮನೆ ಸೇರಿರಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋ ಔಷಧ ಪಡೆದವರಿಗೆ ಪಾದ ಜೋಮು ಹಿಡಿದಿರಬಹುದು, ಕಲ್ಲು ಚುಚ್ಚಿದ್ದೂ ಗೊತ್ತಾಗದು. ಬರಿಗಾಲು, ಹವಾಯಿ ಚಪ್ಪಲಿ ಎರಡೂ ಬೇಡ, ಬೂಟೇ ಆಗಬೇಕು. ಮನೆಗೆ ಬಂದ ಮೇಲೆ ಅಂಗಾಲು ನೋಡಿ.

ಗುಂಪಿನಲ್ಲಿ ಎಡವಟ್ಟಾಗುವುದು ಎಲ್ಲಿ ಅಂದರೆ, ಎಲ್ಲರಿಗೂ ಒಂದೇ ಎಣಿಕೆ ಕೂಗಿದಾಗ. ಪಕ್ಕದವರು 20 ಮಾಡಿದರೆಂದು ಅವ್ವನೂ 20 ಮಾಡುತ್ತಾರೆ, ಮರುದಿನ ಏಳಲಾಗುವುದಿಲ್ಲ, ಮೂರನೇ ದಿನ ಗುಂಪೇ ಬಿಡುತ್ತಾರೆ. ಹುಷಾರಾಗಿದ್ದ ದಿನ ಹೆಚ್ಚು ಮಾಡುವುದೇ ದೊಡ್ಡ ಅಪಾಯ. ಮರುದಿನವೂ ದಣಿವು ಉಳಿದರೆ ಮುಂದಿನ ಸಲ ಮೂರನೇ ಒಂದು ಭಾಗ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಹೇಳಿಕೊಡುವವರು ಆಪರೇಷನ್ ಯಾವ ಕಡೆ ಅಂತ ಕೂಡ ಕೇಳದೆ ಮೊದಲ ದಿನವೇ ಸೂರ್ಯನಮಸ್ಕಾರ ಮಾಡಿಸಿದರೆ ಆ ಗುಂಪು ಬೇಡ. ಸೂರ್ಯನಮಸ್ಕಾರದಲ್ಲಿ ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಎಂಟು ಹತ್ತು ಜನ ಇದ್ದು, ಹೆಸರು ಹಿಡಿದು ‘ಅಕ್ಕಾರೆ, ನಿಮಗೆ ಇವತ್ತಿಗೆ ಎಂಟು ಸಾಕು’ ಅನ್ನುವವರಿದ್ದರೆ ಅಲ್ಲೇ ಸೇರಿಸಿ. ಒಬ್ಬರು ಬರದಿದ್ದರೆ ಇನ್ನೊಬ್ಬರು ಫೋನ್ ಮಾಡುತ್ತಾರಲ್ಲ, ಮನೆಯಲ್ಲಿ ಒಂಟಿಯಾಗಿ ಮಾಡುವವರಿಗೆ ಸಿಗದ ಬಲ ಅದು.

ತಿನ್ನದೆ ಮಾಡಿದರೆ ಸ್ನಾಯು ಬೆಳೆಯದು. ಮೂತ್ರಪಿಂಡ ಸರಿಯಿದ್ದರೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 55 ಕೆಜಿ ಇದ್ದರೆ 55ಕ್ಕೆ ಕಡಿಮೆಯಾಗಬಾರದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ. ತೊಗರಿ ನಮ್ಮ ನೆಲದ್ದೇ, ಆದರೆ ಬ್ಯಾಳಿ ಗಟ್ಟಿ ಇರಬೇಕು, ಮೇಲಿನ ತಿಳಿಯಲ್ಲಿ ಹೆಚ್ಚೇನೂ ಇರುವುದಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು ಹಚ್ಚಿಕೊಡಿ.

ಎದೆ ನೋವು, ಕೂತಲ್ಲೇ ಏದುಸಿರು, ಒಂದೇ ಕಾಲು ಬಾತು ನೋಯುವುದು, ರಾತ್ರಿ ಎಬ್ಬಿಸುವ ಮೂಳೆ ನೋವು, 100.4 ಡಿಗ್ರಿ ಜ್ವರ, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎದೆ ನೋವು, ಏದುಸಿರು ಬಂದರೆ ಮರುದಿನದವರೆಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ.