ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇದೆ, ಓಸಿ ಬಂದಿಲ್ಲ: ಫ್ಲಾಟ್ ನೋಂದಣಿ ಮಾಡಿಸಿಕೊಂಡು ಆಮೇಲೆ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದೇ?

ಬೆಂಗಳೂರಿನ ಒಂಬತ್ತು ಮಹಡಿಯ ಕಟ್ಟಡ, ಓಸಿ ಎಂದರೆ ಮುಗಿದ ಕಟ್ಟಡದಲ್ಲಿ ವಾಸಿಸಬಹುದೆಂದು ನಗರ ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ ಇನ್ನೂ ಬಂದಿಲ್ಲ, ಆದರೆ ಬಿಲ್ಡರ್ ಅಗ್ನಿಶಾಮಕ ಇಲಾಖೆಯ ಎನ್‌ಒಸಿ ತೋರಿಸಿದ್ದಾರೆ ಎಂದು ನೀವು ಬರೆದಿದ್ದೀರಿ. 2018ರಲ್ಲಿ ನಾನು ನನ್ನ ಹೆಂಡತಿಗೆ ಹೇಳಿದ ಮಾತು ಅಕ್ಷರಶಃ ಇದೇ. ಆ ವರ್ಷ ಇದೇ ನಗರದಲ್ಲಿ, ಏಳನೆಯ ಮಹಡಿಯ ಫ್ಲಾಟೊಂದನ್ನು ಆ ಒಂದು ಪತ್ರದ ಧೈರ್ಯದ ಮೇಲೆ ನಾನು ನೋಂದಣಿ ಮಾಡಿಸಿಕೊಂಡೆ.

ನನ್ನ ತಪ್ಪು ಯಾವುದೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವು ಈಗ ಅದೇ ಹೊಸ್ತಿಲ ಮೇಲೆ ನಿಂತಿದ್ದೀರಿ. ನಮ್ಮ ರಾಜ್ಯದಲ್ಲಿ ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕ ಇಲಾಖೆಯಿಂದ ಎರಡು ಬೇರೆ ಬೇರೆ ಪತ್ರಗಳು ಬೇಕು. ಮೊದಲನೆಯದು ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ. ಅದನ್ನು ಕಟ್ಟಡ ಮೇಲೇಳುವ ಮೊದಲು, ಪ್ರಸ್ತಾವಿತ ನಕ್ಷೆಯನ್ನು ಪರಿಶೀಲಿಸಿ, ಇಂತಿಂಥ ಷರತ್ತುಗಳನ್ನು ಪಾಲಿಸಿ ಕಟ್ಟುವುದಾದರೆ ಆಕ್ಷೇಪವಿಲ್ಲ ಎಂದು ಕೊಡುತ್ತಾರೆ. ಎರಡನೆಯದು ಕ್ಲಿಯರೆನ್ಸ್ ಸರ್ಟಿಫಿಕೇಟ್. ಅದನ್ನು ಕಟ್ಟಡ ಮುಗಿದ ಮೇಲೆ, ಅಧಿಕಾರಿಗಳು ಸ್ಥಳಕ್ಕೆ ಬಂದು, ಆ ಷರತ್ತುಗಳು ಪಾಲನೆಯಾಗಿವೆಯೇ ಎಂದು ನೋಡಿದ ನಂತರ ಕೊಡುತ್ತಾರೆ. ನನ್ನ ಕೈಗೆ ಬಂದದ್ದು ಮೊದಲನೆಯದು. ನಾನು ಓದಿದ್ದು ಅದರ ಮೊದಲ ಪುಟವನ್ನು ಮಾತ್ರ. ಮೊಹರು ನೋಡಿದೆ, ಸಹಿ ನೋಡಿದೆ, ಸರ್ವೆ ನಂಬರ್ ಹೊಂದುತ್ತದೆಯೇ ಎಂದು ಕೂಡ ನೋಡಿದೆ. ಪತ್ರದ ದಿನಾಂಕ ಪಾಯ ತೋಡುವುದಕ್ಕಿಂತಲೂ ಹಿಂದಿನದು ಎಂಬುದು ಕಣ್ಣಿಗೆ ಬಿದ್ದಿತ್ತು. ಇನ್ನೂ ಹುಟ್ಟದ ಕಟ್ಟಡದ ಸುರಕ್ಷತೆಗೆ ಆ ಪತ್ರ ಹೇಗೆ ಸಾಕ್ಷಿಯಾದೀತು ಎಂಬ ಪ್ರಶ್ನೆ ಮಾತ್ರ ಮನಸ್ಸಿಗೆ ಬರಲಿಲ್ಲ. ಒಳಪುಟಗಳಲ್ಲಿ ಷರತ್ತುಗಳ ಉದ್ದನೆಯ ಪಟ್ಟಿಯಿತ್ತು. ಅದನ್ನು ಹಿಡಿದುಕೊಂಡು ಅರ್ಧ ಗಂಟೆ ಕಟ್ಟಡದ ಸುತ್ತ ನಡೆದಿದ್ದರೆ ನಾನು ಮುಂಗಡವನ್ನು ವಾಪಸ್ ಕೇಳುತ್ತಿದ್ದೆ.

2021ರ ಮಳೆಗಾಲದ ಒಂದು ರಾತ್ರಿ ನೆಲಮಹಡಿಯ ಮೀಟರ್ ಕೋಣೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಬೆಂಕಿ ದೊಡ್ಡದೇನಲ್ಲ. ಆದರೆ ವಿದ್ಯುತ್ ಕೇಬಲ್‌ಗಳು ಹಾದುಹೋಗುವ ಶಾಫ್ಟ್ ನೆಲದಿಂದ ತಾರಸಿಯವರೆಗೆ ಚಿಮಣಿಯಂತೆ ತೆರೆದುಕೊಂಡಿತ್ತು. ಪ್ರತಿ ಮಹಡಿಯ ಮಟ್ಟದಲ್ಲಿಯೂ ಆ ತೆರಪನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ, ನಮ್ಮ ಪತ್ರದ ಷರತ್ತಿನಲ್ಲಿಯೂ ಅದಿತ್ತು. ಕೆಲವೇ ನಿಮಿಷಗಳಲ್ಲಿ ಏಳನೆಯ ಮಹಡಿಯ ಪಡಸಾಲೆಯಲ್ಲಿ ಕೈ ಚಾಚಿದರೆ ಕೈ ಕಾಣದಷ್ಟು ಹೊಗೆ ತುಂಬಿತು. ಎರಡು ಮೆಟ್ಟಿಲುಗಳ ಪೈಕಿ ಒಂದರ ಕೆಳಬಾಗಿಲಿಗೆ ಕಳ್ಳರ ಭಯದಿಂದ ಗ್ರಿಲ್ ಹಾಕಿ ಬೀಗ ಜಡಿದಿದ್ದರು. ನನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಒದ್ದೆ ಟವೆಲ್ ಮುಖಕ್ಕೆ ಹಿಡಿಸಿ ಇನ್ನೊಂದು ಮೆಟ್ಟಿಲಿನಲ್ಲಿ ಇಳಿದೆ. ಅಗ್ನಿಶಾಮಕ ವಾಹನ ಬೇಗನೆ ಬಂದಿತ್ತು, ಆದರೆ ಮುಂಭಾಗದಲ್ಲಿಯೇ ನಿಂತಿತು. ಕಟ್ಟಡದ ಸುತ್ತ 6 ಮೀಟರ್ ಅಗಲದ ತೆರೆದ ದಾರಿ ಬಿಡಬೇಕೆಂಬುದು ಷರತ್ತು. ಹಿಂಭಾಗದ ಆ ಜಾಗದಲ್ಲಿ ಜನರೇಟರ್ ಕೂರಿಸಿ, ಉಳಿದುದನ್ನು ಪಾರ್ಕಿಂಗ್ ಎಂದು ಗೆರೆ ಎಳೆದು ಮಾರಿದ್ದರು. ಆ ಗೆರೆಗಳ ನಡುವೆ ನನ್ನ ಕಾರೂ ನಿಂತಿತ್ತು. ಆ ಜಾಗಕ್ಕೆ ನಾನು ಪ್ರತ್ಯೇಕವಾಗಿ ಹಣ ಕೊಟ್ಟಿದ್ದೆ.

ಆ ರಾತ್ರಿ ಯಾರೂ ಸಾಯಲಿಲ್ಲ. 2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ತೀರಿಕೊಂಡರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರು ಅವರಲ್ಲಿದ್ದರು. ಅದು ನಡೆದ ನಗರದಲ್ಲಿಯೇ ಬೆಳೆದ ನಾನು ಮನೆ ಕೊಳ್ಳುವಾಗ ಅಡುಗೆಮನೆಯ ಗ್ರಾನೈಟ್ ಅನ್ನು ತಟ್ಟಿ ನೋಡಿದೆನೇ ಹೊರತು ಮೆಟ್ಟಿಲಿನ ಬಾಗಿಲನ್ನು ತಳ್ಳಿ ನೋಡಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ದಂಡ ಎಷ್ಟಾಗಬಹುದು ಎಂದು ಕೇಳಿದ್ದೀರಿ. ಆ ಲೆಕ್ಕವನ್ನೇ ಹಾಕಬೇಡಿ ಎಂಬುದು ನನ್ನ ಉತ್ತರ. ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳು ಒಪ್ಪುತ್ತಿದ್ದುದು ಮಂಜೂರಾದ ನಕ್ಷೆಯಿಂದ ಶೇಕಡಾ 5ರೊಳಗಿನ ಉಲ್ಲಂಘನೆಯನ್ನು ಮಾತ್ರ. ಅದಕ್ಕಿಂತ ದೊಡ್ಡ ಉಲ್ಲಂಘನೆಗಳಿಗೆಂದು ತಂದ ಅಕ್ರಮ ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಅದೂ ಇರಲಿ, ಸರ್ಕಾರವೇ ನಾಳೆ ಹೊಸ ಯೋಜನೆ ತಂದು ನಿಮ್ಮ ಹಣ ಕಟ್ಟಿಸಿಕೊಂಡರೂ, ಗೋಡೆ ಮತ್ತು ಕಾಂಪೌಂಡಿನ ನಡುವೆ ಇಲ್ಲದ 6 ಮೀಟರ್ ಜಾಗ ರಸೀತಿಯಿಂದ ಹುಟ್ಟುವುದಿಲ್ಲ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಓಸಿ ತೋರಿಸಿದ ಮೇಲೆಯೇ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಕೂಡ ಅದನ್ನು ನೋಡಿಯೇ ಸಾಲ ಮಂಜೂರು ಮಾಡಬೇಕು ಎಂದು ಹೇಳಿದೆ. ಹಾಗಾಗಿ 'ಮೊದಲು ಒಳಗೆ ಹೋಗಿ ಸೇರೋಣ' ಎಂಬ ಹಳೆಯ ಉಪಾಯವೂ ಈಗ ನಡೆಯದು.

ಓಸಿ ಮತ್ತು ಕ್ಲಿಯರೆನ್ಸ್ ಸರ್ಟಿಫಿಕೇಟ್ ಎರಡೂ ಕೈಗೆ ಬರುವವರೆಗೆ ನೋಂದಣಿ ಬೇಡ. ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯ್ದೆಯ, ಅಂದರೆ ರೇರಾ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಓಸಿ ತರುವುದು ಬಿಲ್ಡರ್‌ನ ಹೊಣೆ. ಒಳಾಂಗಣ ಕೆಲಸಕ್ಕೆಂದು ಬೀಗದ ಕೈ ಕೊಡುತ್ತೇವೆ, ಈ ಕಾಗದಕ್ಕೆ ಒಂದು ಸಹಿ ಹಾಕಿ ಎಂದರೆ ಹಾಕಲೇಬೇಡಿ. 'ತೃಪ್ತನಾಗಿ ಸ್ವಾಧೀನ ಪಡೆದಿದ್ದೇನೆ' ಎಂಬ ನನ್ನ ಸಹಿಯನ್ನೇ ನಮ್ಮ ಬಿಲ್ಡರ್‌ನ ವಕೀಲರು ಮುಂದೆ ನನ್ನ ವಿರುದ್ಧ ಹಿಡಿದರು. ತೆರೆದ ಜಾಗದ ಪಾರ್ಕಿಂಗ್‌ಗೆ ಬೇರೆ ಹಣ ಕೇಳಿದರೆ ಕೊಡಬೇಡಿ. ರೇರಾ ಅದನ್ನು ಸಾಮಾನ್ಯ ಪ್ರದೇಶವೆಂದೇ ಎಣಿಸುತ್ತದೆ, ಮೆಟ್ಟಿಲು ಮತ್ತು ಬೆಂಕಿ ಬಿದ್ದಾಗ ಪಾರಾಗುವ ದಾರಿಗಳನ್ನೂ ಅಷ್ಟೆ.

ಮಾರಾಟದ ಒಪ್ಪಂದದಲ್ಲಿ ಸ್ವಾಧೀನ ಕೊಡುವ ದಿನಾಂಕ ಯಾವುದೆಂದು ನೀವು ಬರೆದಿಲ್ಲ. ಅದು ಈಗಾಗಲೇ ಕಳೆದಿದ್ದರೆ, 18ನೆಯ ಕಲಮಿನಡಿ ಬಡ್ಡಿಸಹಿತ ಹಣ ವಾಪಸ್ ಪಡೆದು ಹೊರಬರಬಹುದು, ಅಥವಾ ಉಳಿದುಕೊಂಡು ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಇಂದೇ ಒಪ್ಪಂದದ ಆ ಪುಟವನ್ನು ತೆಗೆದು ನೋಡಿ. ಜೊತೆಗೆ ಎನ್‌ಒಸಿಯ ಒಳಪುಟಗಳ ನಕಲನ್ನೂ ಒಂದು ಅಳತೆಯ ಟೇಪನ್ನೂ ಹಿಡಿದು, ಹಗಲಿನಲ್ಲಿ, ಕಟ್ಟಡದ ಹಿಂಭಾಗಕ್ಕೆ ಹೋಗಿ ಬನ್ನಿ.