ಓದುಗರ ಪ್ರಶ್ನೆ: ಗ್ರಂಥಾಲಯದ ಪ್ರತಿ ಕಳುಹಿಸಬೇಕಾದವರು ಯಾರು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ನಮ್ಮ ಯುವಕ ಸಂಘವು ಊರಿನ ಹಿರಿಯರು ಹೇಳಿಕೊಟ್ಟ ಸುಗ್ಗಿ ಪದಗಳನ್ನು 64 ಪುಟಗಳ ಪುಸ್ತಕವಾಗಿ ಹಾಸನದಲ್ಲಿ 300 ಪ್ರತಿ ಅಚ್ಚು ಹಾಕಿಸಿದೆ. ಸುಗ್ಗಿಯವರು ಮನೆಮನೆಗೆ ತಿರುಗುವ ದಾರಿಯ ಬಣ್ಣದ ನಕ್ಷೆಯನ್ನು, ಖರ್ಚು ಹೆಚ್ಚೆಂದು, 50 ಪ್ರತಿಗಳಲ್ಲಿ ಮಾತ್ರ ಇರಿಸಿದ್ದೇವೆ. ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಪಡೆದಿಲ್ಲ. ಗ್ರಂಥಾಲಯಗಳಿಗೆ ಪ್ರತಿ ಕೊಡುವುದು ಕಡ್ಡಾಯವೆಂದು ಈಗ ತಿಳಿಯಿತು. ಮುದ್ರಕರು ‘ಅದು ನಮಗೆ ಸೇರಿದ್ದಲ್ಲ’ ಎನ್ನುತ್ತಾರೆ. ಬಿಡುಗಡೆಯಾಗಿ ಎರಡು ತಿಂಗಳಾಯಿತು. ಏನು ಮಾಡಬೇಕು?
— ಸಂಘದ ಕಾರ್ಯದರ್ಶಿ

ಉತ್ತರ: ಮುದ್ರಕರ ಮಾತು ಸರಿಯಾಗಿದೆ. ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲಿಸುವ ಕುರಿತ 1954ರ ಕೇಂದ್ರ ಕಾಯ್ದೆಯು ಈ ಹೊಣೆಯನ್ನು ಪ್ರಕಾಶಕರಿಗೇ ವಹಿಸಿದೆ. ಮುದ್ರಕರೊಂದಿಗೆ ನೀವು ಬೇರೆ ಕರಾರು ಮಾಡಿಕೊಂಡಿದ್ದರೂ ಅದು ತಪ್ಪುವುದಿಲ್ಲ. ಮುದ್ರಕರು ಸರ್ಕಾರಕ್ಕೆ ಪ್ರತಿ ಒಪ್ಪಿಸಬೇಕೆಂದು ಹೇಳುತ್ತಿದ್ದದ್ದು 1867ರ ಹಳೆಯ ಕಾಯ್ದೆ. ಅದರ ಜಾಗಕ್ಕೆ ಬಂದು 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯು ನಿಯತಕಾಲಿಕಗಳಿಗೆ ಸಂಬಂಧಿಸಿದ್ದು, ಪುಸ್ತಕಗಳಿಗಲ್ಲ. ಗೊಂದಲದ ಮೂಲ ಬಹುಶಃ ಇಲ್ಲಿದೆ.

ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಗ್ರಂಥಾಲಯ, ಮುಂಬೈನ ಸೆಂಟ್ರಲ್ ಲೈಬ್ರರಿ ಮತ್ತು ದೆಹಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದೊಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ತಲುಪಿಸಬೇಕು. ಸಂಘ ಚಿಕ್ಕದು, ಪ್ರತಿ ಕಡಿಮೆ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಕಾಯ್ದೆಯ ಪ್ರಕಾರ ಕಿರುಹೊತ್ತಗೆಯೂ ಪುಸ್ತಕವೇ. ಐಎಸ್‌ಬಿಎನ್ ಇಲ್ಲದಿರುವುದು ಇದಕ್ಕೆ ಅಡ್ಡಿಯಲ್ಲ, ಆದರೆ ನಮ್ಮ ದೇಶದಲ್ಲಿ ಅದು ಉಚಿತವಾಗಿ ಸಿಗುವುದರಿಂದ ಮುಂದಿನ ಪುಸ್ತಕಕ್ಕೆ ಪಡೆದುಕೊಳ್ಳಿ.

ನಿಮ್ಮ ನಕ್ಷೆಯ ವಿಚಾರದಲ್ಲಿ ಎಚ್ಚರ ಬೇಕು. ಕೋಲ್ಕತ್ತಕ್ಕೆ ಹೋಗುವ ಪ್ರತಿಯು ಒಳ್ಳೆಯ ಕಾಗದದ್ದಾಗಿ, ಹೊಲಿಗೆ ಅಥವಾ ರಟ್ಟು ಕಟ್ಟಿ, ಎಲ್ಲ ನಕ್ಷೆ ಚಿತ್ರಗಳೊಂದಿಗೆ, ನಿಮ್ಮಲ್ಲಿರುವ ಅತ್ಯುತ್ತಮ ಪ್ರತಿಯಂತೆಯೇ ಇರಬೇಕು. ಆದ್ದರಿಂದ ಆ 50ರಲ್ಲಿ ಒಂದನ್ನು ತೆಗೆದಿರಿಸಿ. ಉಳಿದ ಮೂರು ಗ್ರಂಥಾಲಯಗಳಿಗೆ ಹೆಚ್ಚು ಸಂಖ್ಯೆಯಲ್ಲಿ ಅಚ್ಚಾದ ಕಾಗದದ ಪ್ರತಿ ಸಾಕು.

ಗಡುವು ಮೀರಿದೆಯೆಂದು ಸುಮ್ಮನಿರಬೇಡಿ, ಈಗಲೇ ಕಳುಹಿಸಿ. ಕಾಯ್ದೆಯಲ್ಲಿರುವ ದಂಡವು 50 ರೂಪಾಯಿವರೆಗೆ, ಜೊತೆಗೆ ಪುಸ್ತಕದ ಬೆಲೆ. ನಾಲ್ಕು ಊರಿಗೆ ತಗಲುವ ಅಂಚೆವೆಚ್ಚದ ಮುಂದೆ ಅದೇನೂ ದೊಡ್ಡದಲ್ಲ, ನಿಜ. ಆದರೆ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ಸಿದ್ಧವಾಗುವುದು ಕೋಲ್ಕತ್ತಕ್ಕೆ ಬಂದ ಪ್ರತಿಗಳಿಂದ. ಕಳುಹಿಸದ ಪುಸ್ತಕ ಅದರ ಕನ್ನಡ ವಿಭಾಗದಲ್ಲಿ ಕಾಣಸಿಗದು. ಪ್ರತಿ ತಲುಪಿದ ಮೇಲೆ ಗ್ರಂಥಾಲಯವು ಲಿಖಿತ ರಸೀದಿ ಕೊಡಬೇಕು; ಅದನ್ನು ಸಂಘದ ಕಡತದಲ್ಲಿ ಇಟ್ಟುಕೊಳ್ಳಿ.

ಮುಂದಿನ ಸುಗ್ಗಿಗೆ ಇದೇ ಪುಸ್ತಕವನ್ನು ಬದಲಾವಣೆಯಿಲ್ಲದೆ ಮರುಮುದ್ರಿಸಿದರೆ ಮತ್ತೆ ಕಳುಹಿಸಬೇಕಾಗಿಲ್ಲ. ಹೊಸದಾಗಿ ಪದಗಳನ್ನು ಸೇರಿಸಿದರೆ ಪುನಃ ನಾಲ್ಕೂ ಕಡೆಗೆ ಕಳುಹಿಸಬೇಕಾಗುತ್ತದೆ.